ಪರಮಾಣುವಿನ ಕಣಗಳು

ಪರಮಾಣುವಿನಲ್ಲಿ ಮೂರು ಬಗೆಯ ಕಣಗಳಿವೆ. ನಡುವಿನ ಬೀಜದಲ್ಲಿ ಪ್ರೋಟಾನ್ ಮತ್ತು ನ್ಯೂಟ್ರಾನ್, ಬೀಜದ ಸುತ್ತ ಎಲೆಕ್ಟ್ರಾನ್. ಪ್ರೋಟಾನಿನದು ಧನ ವಿದ್ಯುದಾವೇಶ, ಎಲೆಕ್ಟ್ರಾನಿನದು ಅಷ್ಟೇ ಪ್ರಮಾಣದ ಋಣ ಆವೇಶ, ನ್ಯೂಟ್ರಾನಿಗೆ ಆವೇಶವಿಲ್ಲ. ಹೈಸ್ಕೂಲು ಪುಸ್ತಕದ ಈ ಚಿತ್ರ ತಪ್ಪಲ್ಲ, ಆದರೆ ಇದು 1932ರ ಚಿತ್ರ. ಅದಕ್ಕೂ ಮುಂಚೆ ಭೌತವಿಜ್ಞಾನಿಗಳ ಕೈಯಲ್ಲಿ ಬೇರೆಯದೇ ಪಟ್ಟಿ ಇತ್ತು. ಆಮೇಲೆ ಈ ಮೂವರಲ್ಲಿ ಇಬ್ಬರು ಮೂಲಕಣ ಎನ್ನುವ ಪದವಿಯನ್ನೇ ಕಳೆದುಕೊಂಡರು. ಪಟ್ಟಿ ತಿದ್ದಬೇಕಾಗಿ ಬಂದಾಗಲೆಲ್ಲ ಹೊಸ ಕಣವನ್ನು ಯಾರೂ ಕಣ್ಣಾರೆ ಕಂಡಿರಲಿಲ್ಲ. ಗೊತ್ತಿದ್ದ ಕಣಗಳನ್ನು ಇಟ್ಟುಕೊಂಡು ಮಾಡಿದ ರಾಶಿಯ, ಶಕ್ತಿಯ ಅಥವಾ ಸ್ಪಿನ್ ಎಂಬ ಸಹಜ ತಿರುಗುಗುಣದ ಲೆಕ್ಕ ತಾಳೆಯಾಗದೆ ಉಳಿದದ್ದೇ ಸಾಮಾನ್ಯವಾಗಿ ಶೋಧದ ಮೊದಲ ಸುಳಿವು.

ಪರಮಾಣುವಿನ ವ್ಯಾಸ ಸುಮಾರು 10⁻¹⁰ ಮೀಟರ್, ಅಂದರೆ ಒಂದು ಮೀಟರಿನ ಸಾವಿರ ಕೋಟಿಯಲ್ಲಿ ಒಂದು ಪಾಲು. ಬೀಜ ಅದಕ್ಕಿಂತ ಹತ್ತಾರು ಸಾವಿರ ಪಟ್ಟು ಚಿಕ್ಕದು. ಜಲಜನಕದ ಬೀಜವೆಂದರೆ ಒಂಟಿ ಪ್ರೋಟಾನ್. ಅದು ರಾಗಿಕಾಳಿನಷ್ಟಿದೆ ಎಂದುಕೊಂಡರೆ ಪರಮಾಣುವಿನ ಅಂಚು ಸಿಗುವುದು ಹೆಚ್ಚುಕಡಿಮೆ ಐವತ್ತು ಮೀಟರ್ ಆಚೆ. ರಾಶಿಯ ಹಂಚಿಕೆ ಇದಕ್ಕೆ ತದ್ವಿರುದ್ಧ. ಪರಮಾಣುವಿನ ದ್ರವ್ಯರಾಶಿಯಲ್ಲಿ ಶೇಕಡಾ 99.9ಕ್ಕಿಂತ ಹೆಚ್ಚು ಪಾಲು ಬೀಜದಲ್ಲೇ ಅಡಗಿದೆ. ಬರಿಯ ಬೀಜದ್ರವ್ಯವನ್ನು ಒಂದು ಘನ ಮಿಲಿಮೀಟರಿನಷ್ಟು ಒಟ್ಟುಮಾಡಲು ಸಾಧ್ಯವಾದರೆ ಅದು ಎರಡು ಲಕ್ಷ ಟನ್ನಿಗೂ ಹೆಚ್ಚು ತೂಗುತ್ತದೆ.

ಇಷ್ಟು ಚಿಕ್ಕ ರಾಶಿಗಳನ್ನು ಕಿಲೋಗ್ರಾಮಿನಲ್ಲಿ ಹೇಳುವುದು ತೊಡಕು. ಐನ್‌ಸ್ಟೈನ್ ಸೂತ್ರದ ಪ್ರಕಾರ ಅವನ್ನು ಶಕ್ತಿಯಾಗಿ ಪರಿವರ್ತಿಸಿ, ದಶಲಕ್ಷ ಎಲೆಕ್ಟ್ರಾನ್ ವೋಲ್ಟ್ ಅಥವಾ ಎಂಇವಿ ಎಂಬ ಮಾನದಲ್ಲಿ ಹೇಳುವುದು ವಾಡಿಕೆ. ಎಲೆಕ್ಟ್ರಾನಿನ ರಾಶಿ 0.511 ಎಂಇವಿ, ಪ್ರೋಟಾನಿನದು 938.27, ನ್ಯೂಟ್ರಾನಿನದು 939.57. ಕೊನೆಯ ಎರಡರ ನಡುವಿನ ವ್ಯತ್ಯಾಸ 1.29 ಎಂಇವಿ. ಕಡೆಗಣಿಸಬಹುದಾದಷ್ಟು ಚಿಕ್ಕದಾಗಿ ಕಾಣುವ ಈ ಅಂಕಿಯ ಮಹತ್ವ ಮುಂದೆ ತಿಳಿಯುತ್ತದೆ.

ಎಲೆಕ್ಟ್ರಾನ್

ಮೂವರಲ್ಲಿ ಮೊದಲು ಸಿಕ್ಕಿದ್ದು ಎಲೆಕ್ಟ್ರಾನ್. 1897ರಲ್ಲಿ ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ ಜೆ. ಜೆ. ಥಾಮ್ಸನ್ ಗಾಳಿ ತೆಗೆದ ಗಾಜಿನ ಕೊಳವೆಯೊಳಗಿನ ಕ್ಯಾಥೋಡ್ ಕಿರಣವನ್ನು ವಿದ್ಯುತ್ ಮತ್ತು ಕಾಂತಕ್ಷೇತ್ರಗಳಿಂದ ಬಾಗಿಸಿ, ಕಿರಣದ ಕಣಗಳ ಆವೇಶಕ್ಕೂ ರಾಶಿಗೂ ಇರುವ ಅನುಪಾತ ಅಳೆದರು. ಕೊಳವೆಯ ಅನಿಲವನ್ನು ಬದಲಿಸಿದರೂ ಕ್ಯಾಥೋಡಿನ ಲೋಹವನ್ನು ಬದಲಿಸಿದರೂ ಅನುಪಾತ ಬದಲಾಗಲಿಲ್ಲ. ಮೇಲಾಗಿ ಅದು ಜಲಜನಕದ ಅಯಾನಿನ ಅನುಪಾತಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚಿತ್ತು. ಹಾಗಿದ್ದರೆ ಎಲ್ಲ ಬಗೆಯ ಪರಮಾಣುಗಳಿಗೂ ಸಮಾನವಾದ, ಪರಮಾಣುವಿಗಿಂತ ಬಹಳ ಹಗುರವಾದ ಅಂಶವೊಂದು ಇರಲೇಬೇಕು. ಮುಂದೆ ರಾಬರ್ಟ್ ಮಿಲಿಕನ್ ಶಿಕಾಗೋದಲ್ಲಿ ಎಣ್ಣೆಯ ಹನಿಗಳನ್ನು ವಿದ್ಯುತ್ ಕ್ಷೇತ್ರದಲ್ಲಿ ತೇಲಿಸಿ ಆವೇಶವನ್ನು ನಿಖರವಾಗಿ ಅಳೆದರು. ಈಗಿನ ಲೆಕ್ಕದಲ್ಲಿ ಅದು 1.602 × 10⁻¹⁹ ಕೂಲಂ. ಎಲೆಕ್ಟ್ರಾನಿನ ರಾಶಿ ಪ್ರೋಟಾನಿನ ರಾಶಿಯ 1836ರಲ್ಲಿ ಒಂದು ಪಾಲು.

ಎಲೆಕ್ಟ್ರಾನ್ ಗ್ರಹದಂತೆ ಬೀಜವನ್ನು ಸುತ್ತುತ್ತದೆ ಎನ್ನುವ ಚಿತ್ರ ಇಂದಿಗೂ ಲಾಂಛನಗಳಲ್ಲಿ, ಅಂಚೆಚೀಟಿಗಳಲ್ಲಿ ಜೀವಂತವಾಗಿದೆ. ಭೌತವಿಜ್ಞಾನ ಅದನ್ನು 1926ರ ಹೊತ್ತಿಗೇ ಬಿಟ್ಟಾಯಿತು. ಕ್ವಾಂಟಮ್ ಸಿದ್ಧಾಂತದಲ್ಲಿ ಎಲೆಕ್ಟ್ರಾನಿಗೆ ಗೊತ್ತಾದ ಪಥವಿಲ್ಲ. ಎಲ್ಲಿ ಸಿಗುವ ಸಾಧ್ಯತೆ ಎಷ್ಟು ಎಂಬುದನ್ನು ಮಾತ್ರ ಹೇಳಬಹುದು. ಎಲೆಕ್ಟ್ರಾನ್ ಅಲೆಯಂತೆ ವರ್ತಿಸುತ್ತದೆ ಎಂದು 1927ರಲ್ಲಿ ಪ್ರಯೋಗದಿಂದ ತೋರಿಸಿದವರಲ್ಲಿ ಒಬ್ಬರು ಜಿ. ಪಿ. ಥಾಮ್ಸನ್, ಜೆ. ಜೆ. ಥಾಮ್ಸನ್ನರ ಮಗ. ಅದನ್ನು ಕಣವೆಂದು ತೋರಿಸಿದ ತಂದೆಗೂ ಅಲೆಯೆಂದು ತೋರಿಸಿದ ಮಗನಿಗೂ ನೊಬೆಲ್ ಬಂತು, ಮತ್ತು ಇಬ್ಬರೂ ಸರಿ. ಒಂದೇ ಸ್ಥಿತಿಯಲ್ಲಿ ಎರಡು ಎಲೆಕ್ಟ್ರಾನ್‌ಗಳು ಇರಲಾರವು ಎಂಬ ಪೌಲಿ ನಿಯಮದಿಂದಾಗಿ ಅವು ಪದರಪದರವಾಗಿ ತುಂಬಿಕೊಳ್ಳುತ್ತವೆ. ಧಾತುಗಳ ರಾಸಾಯನಿಕ ಗುಣ ನಿರ್ಧಾರವಾಗುವುದು ಹೊರಪದರದಲ್ಲಿ. ಎಲೆಕ್ಟ್ರಾನಿನ ಒಳಗೆ ಏನಾದರೂ ಇದೆಯೇ ಎಂದು 10⁻¹⁸ ಮೀಟರಿನವರೆಗೆ ಹುಡುಕಿದ್ದಾಗಿದೆ, ಏನೂ ಸಿಕ್ಕಿಲ್ಲ.

ಬೀಜ ಮತ್ತು ಪ್ರೋಟಾನ್

ಮ್ಯಾಂಚೆಸ್ಟರಿನಲ್ಲಿ 1909ರಲ್ಲಿ ಹಾನ್ಸ್ ಗೈಗರ್ ಮತ್ತು ಇಪ್ಪತ್ತರ ಹರೆಯದ ವಿದ್ಯಾರ್ಥಿ ಅರ್ನೆಸ್ಟ್ ಮಾರ್ಸ್ಡನ್ ಮಾಡುತ್ತಿದ್ದುದು ಬೇಸರ ಹುಟ್ಟಿಸುವ ಕೆಲಸ. ತೆಳುವಾದ ಲೋಹದ ಹಾಳೆಗೆ, ವಿಕಿರಣಶೀಲ ವಸ್ತುವಿನಿಂದ ಹೊಮ್ಮುವ ಆಲ್ಫಾ ಕಣಗಳನ್ನು ಹಾಯಿಸಿ, ಅವು ಸತುವಿನ ಸಲ್ಫೈಡ್ ಬಳಿದ ಪರದೆಗೆ ಬಡಿದಾಗ ಹೊಮ್ಮುವ ಮಿಣುಕನ್ನು ಕತ್ತಲ ಕೋಣೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಎಣಿಸಬೇಕಿತ್ತು. ಬಹುಪಾಲು ಕಣಗಳು ನೇರವಾಗಿ ಹಾದುಹೋದವು. ಆದರೆ ಹಲವು ಸಾವಿರಕ್ಕೊಂದರಂತೆ ಕೆಲವು ಬಂದ ಕಡೆಗೇ ತಿರುಗಿದವು. ಅವರ ಪ್ರಯೋಗಾಲಯದ ಮುಖ್ಯಸ್ಥ ರುದರ್‌ಫರ್ಡ್ ಇದರ ಅರ್ಥವನ್ನು 1911ರಲ್ಲಿ ಪ್ರಕಟಿಸಿದರು: ಪರಮಾಣುವಿನ ಧನ ಆವೇಶವೂ ಹೆಚ್ಚುಕಡಿಮೆ ಇಡೀ ರಾಶಿಯೂ ನಟ್ಟನಡುವಿನ ಅತಿ ಪುಟ್ಟ ಬೀಜದಲ್ಲಿವೆ. ಎರಡು ವರ್ಷದ ನಂತರ ಹೆನ್ರಿ ಮೋಸ್ಲಿ ಎಕ್ಸ್-ಕಿರಣಗಳ ಕಂಪನಾಂಕವನ್ನು ಅಳೆದು, ಧಾತುವಿನ ಗುರುತು ಅದರ ತೂಕವಲ್ಲ, ಬೀಜದ ಆವೇಶ ಎಂದು ಸ್ಥಾಪಿಸಿದರು. ಪರಮಾಣು ಸಂಖ್ಯೆಗೆ ಅರ್ಥ ಬಂದದ್ದು ಅಲ್ಲಿಂದ. ಮೋಸ್ಲಿ 1915ರಲ್ಲಿ ಗ್ಯಾಲಿಪೊಲಿಯ ಯುದ್ಧದಲ್ಲಿ ಗುಂಡೇಟಿಗೆ ಬಲಿಯಾದರು, ವಯಸ್ಸು 27.

ಪ್ರೋಟಾನ್ ಗುರುತಿಸಿದ್ದೂ ರುದರ್‌ಫರ್ಡರೇ. ಆಲ್ಫಾ ಕಣಗಳು ಸಾರಜನಕದ ಮೂಲಕ ಹೋದಾಗ ಜಲಜನಕದ ಬೀಜಗಳು ಹೊರಬೀಳುವುದನ್ನು ಕಂಡು ಅದನ್ನು 1919ರಲ್ಲಿ ಪ್ರಕಟಿಸಿದರು. ಪ್ರೋಟಾನ್ ಎಂಬ ಹೆಸರು ಬಂದದ್ದು ಮುಂದಿನ ವರ್ಷ. ಆ ಘಟನೆಯ ಚಿತ್ರ ಸಿಕ್ಕಿದ್ದು 1925ರಲ್ಲಿ. ಪ್ಯಾಟ್ರಿಕ್ ಬ್ಲ್ಯಾಕೆಟ್ ಮೇಘಕೋಷ್ಠದಲ್ಲಿ ಸುಮಾರು 23,000 ಫೋಟೊ ತೆಗೆದರು. ಅವುಗಳಲ್ಲಿದ್ದ ನಾಲ್ಕು ಲಕ್ಷ ಆಲ್ಫಾ ಜಾಡುಗಳ ಪೈಕಿ ಎಂಟು ಮಾತ್ರ ಬೇಕಾದ ರೀತಿಯಲ್ಲಿ ಕವಲೊಡೆದಿದ್ದವು. ಸಾರಜನಕ ಆಮ್ಲಜನಕವಾಗಿ ಬದಲಾದದ್ದಕ್ಕೆ ಆ ಎಂಟೇ ಸಾಕ್ಷಿ.

ಪ್ರೋಟಾನಿನ ಆವೇಶ ಎಲೆಕ್ಟ್ರಾನಿನದಕ್ಕೆ ಸರಿಸಮ. ಎಷ್ಟರಮಟ್ಟಿಗೆ ಎಂದರೆ 10²¹ರಲ್ಲಿ ಒಂದು ಪಾಲಿನಷ್ಟು ವ್ಯತ್ಯಾಸವೂ ಪ್ರಯೋಗಗಳಲ್ಲಿ ಕಂಡಿಲ್ಲ. ಉಳಿದೆಲ್ಲದರಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಕಣಗಳು ಈ ಒಂದು ವಿಷಯದಲ್ಲಿ ಮಾತ್ರ ಏಕೆ ಇಷ್ಟು ಕರಾರುವಾಕ್ಕು ಎನ್ನುವುದಕ್ಕೆ ಎಲ್ಲರೂ ಒಪ್ಪಿದ ವಿವರಣೆ ಇನ್ನೂ ಇಲ್ಲ.

ಸಾರಜನಕದ ತಕರಾರು

ಆಗ ಒಂದು ಒಗಟು ಉಳಿಯಿತು. ಸಾರಜನಕದ ಬೀಜದ ಆವೇಶ 7, ರಾಶಿ 14. ಹದಿನಾಲ್ಕು ಪ್ರೋಟಾನ್ ಇಟ್ಟರೆ ರಾಶಿ ಸರಿಹೋಗುತ್ತದೆ, ಆವೇಶ ದುಪ್ಪಟ್ಟಾಗುತ್ತದೆ. ಗೊತ್ತಿದ್ದದ್ದು ಎರಡೇ ಕಣ, ಹಾಗಾಗಿ ಬೀಜದೊಳಗೆ ಏಳು ಎಲೆಕ್ಟ್ರಾನ್‌ಗಳೂ ಇವೆ ಎಂದು ಒಪ್ಪಿಕೊಂಡರು. ಬೀಟಾ ಕಿರಣದಲ್ಲಿ ಬೀಜದೊಳಗಿಂದ ಎಲೆಕ್ಟ್ರಾನ್ ಹೊರಬರುವುದು ಕಣ್ಣೆದುರಿಗೇ ಇದ್ದುದರಿಂದ ಈ ಊಹೆ ಸಹಜವಾಗಿಯೇ ಕಂಡಿತು. ಸುಮಾರು ಹತ್ತು ವರ್ಷ ಇದೇ ಪಾಠ ನಡೆಯಿತು.

ಇದನ್ನು ಕೆಡವಿದ ಪುರಾವೆ ಒದಗಿದ್ದು ಭಾರತದಲ್ಲಿ ಹುಟ್ಟಿದ ವಿಧಾನದಿಂದ, ಪಠ್ಯಗಳು ಇದನ್ನು ಹೇಳುವುದು ಅಪರೂಪ. 1928ರ ಫೆಬ್ರುವರಿಯಲ್ಲಿ ಕಲ್ಕತ್ತೆಯಲ್ಲಿ ಸಿ. ವಿ. ರಾಮನ್ ತಮ್ಮ ಪರಿಣಾಮವನ್ನು ಪ್ರಕಟಿಸಿದರು. ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದದ್ದು ಅದಾದ ಐದು ವರ್ಷಕ್ಕೆ. 1929ರಲ್ಲಿ ಇಟಲಿಯ ಫ್ರಾಂಕೊ ರಾಸೆಟ್ಟಿ ಸಾರಜನಕ ಅನಿಲದ ರಾಮನ್ ರೋಹಿತ ತೆಗೆದರು. ಅದರಲ್ಲಿನ ಗೆರೆಗಳು ಒಂದು ಗಾಢ, ಒಂದು ಮಸುಕು ಎಂಬಂತೆ ಸರದಿಯಲ್ಲಿ ಬರುತ್ತವೆ. ಯಾವ ಸರದಿ ಗಾಢ ಎಂಬುದರಿಂದ ಬೀಜ ಯಾವ ಕುಲಕ್ಕೆ ಸೇರಿದ್ದು ಎಂದು ಹೇಳಬಹುದು. ಸಾರಜನಕದ ಬೀಜ ಸತ್ಯೇಂದ್ರನಾಥ ಬೋಸರ ಸಂಖ್ಯಾನಕ್ಕೆ ಸೇರಿದ್ದು ಎಂದು ರೋಹಿತ ಹೇಳಿತು. ಆದರೆ ಪ್ರೋಟಾನ್, ಎಲೆಕ್ಟ್ರಾನ್ ಎರಡರದೂ ಅರ್ಧ ಸ್ಪಿನ್. ಅಂಥ ಕಣಗಳು ಸಮಸಂಖ್ಯೆಯಲ್ಲಿ ಕೂಡಿದರಷ್ಟೇ ಬೋಸ್ ಕುಲದ ಬೀಜವಾಗುತ್ತದೆ. ಹದಿನಾಲ್ಕು ಪ್ರೋಟಾನ್‌ಗೆ ಏಳು ಎಲೆಕ್ಟ್ರಾನ್ ಸೇರಿದರೆ ಇಪ್ಪತ್ತೊಂದು, ಬೆಸಸಂಖ್ಯೆ. ವಾಲ್ಟರ್ ಹೈಟ್ಲರ್ ಮತ್ತು ಗೆರ್ಹಾರ್ಡ್ ಹೆರ್ಜ್‌ಬರ್ಗ್ ಅದೇ ವರ್ಷ ಇದನ್ನು ಎತ್ತಿ ತೋರಿಸಿದರು. ಬೀಜದೊಳಗೆ ಎಲೆಕ್ಟ್ರಾನ್ ಎಣಿಕೆಗೇ ಸಿಗುತ್ತಿಲ್ಲ ಎನ್ನುವುದು ಸ್ಪಷ್ಟವಾಯಿತು, ಪರಿಹಾರ ಮಾತ್ರ ಯಾರಿಗೂ ಹೊಳೆಯಲಿಲ್ಲ.

ನ್ಯೂಟ್ರಾನ್

ಆವೇಶವಿಲ್ಲದ ಭಾರವಾದ ಕಣವೊಂದು ಇರಬಹುದೆಂದು ರುದರ್‌ಫರ್ಡ್ 1920ರಲ್ಲೇ ಊಹಿಸಿದ್ದರು. ಅವರ ಸಹೋದ್ಯೋಗಿ ಜೇಮ್ಸ್ ಚಾಡ್ವಿಕ್ ಅದನ್ನು ವರ್ಷಗಟ್ಟಲೆ ಹುಡುಕಿ ಸೋತರು. 1930ರಲ್ಲಿ ಜರ್ಮನಿಯ ಬೋಥೆ ಮತ್ತು ಬೆಕರ್ ಬೆರಿಲಿಯಂ ಲೋಹಕ್ಕೆ ಆಲ್ಫಾ ಕಣಗಳು ಬಡಿದಾಗ ಬಹಳ ತೂರಿಹೋಗುವ ವಿಕಿರಣ ಹೊರಡುವುದನ್ನು ಕಂಡರು, ಗಾಮಾ ಕಿರಣ ಎಂದುಕೊಂಡರು. 1932ರ ಜನವರಿಯಲ್ಲಿ ಪ್ಯಾರಿಸ್ಸಿನ ಐರೀನ್ ಮತ್ತು ಫ್ರೆಡ್ರಿಕ್ ಜೋಲಿಯೋ-ಕ್ಯೂರಿ ದಂಪತಿ ಆ ವಿಕಿರಣದ ದಾರಿಗೆ ಪ್ಯಾರಾಫಿನ್ ಮೇಣ ಇಟ್ಟರು. ಮೇಣದಿಂದ ಪ್ರೋಟಾನ್‌ಗಳು ಬೆಳಕಿನ ವೇಗದ ಹತ್ತನೇ ಒಂದರಷ್ಟು ವೇಗದಲ್ಲಿ ಚಿಮ್ಮಿದವು. ಅವರೂ ಗಾಮಾ ಎಂದೇ ಬರೆದರು.

ಚಾಡ್ವಿಕ್ ಲೆಕ್ಕ ಹಾಕಿದರು. ಪ್ರೋಟಾನನ್ನು ಆ ವೇಗದಲ್ಲಿ ತಳ್ಳಲು ಗಾಮಾ ಕಿರಣಕ್ಕೆ ಸುಮಾರು 50 ಎಂಇವಿ ಶಕ್ತಿ ಬೇಕು. ಬೆರಿಲಿಯಂ ಮತ್ತು ಆಲ್ಫಾ ಕೂಡಿದರೆ ಅಷ್ಟು ಶಕ್ತಿ ಎಲ್ಲಿಂದಲೂ ಬರುವುದಿಲ್ಲ. ಇರಲಿ ಎಂದು ಒಪ್ಪಿಕೊಂಡರೂ, ಅದೇ ಕಿರಣ ಸಾರಜನಕದ ಬೀಜವನ್ನು ತಳ್ಳಿದರೆ ಹೆಚ್ಚೆಂದರೆ ಹತ್ತು ಸಾವಿರ ಅಯಾನು ಜೋಡಿ ಹುಟ್ಟಬೇಕಿತ್ತು. ಅವರ ಉಪಕರಣ ತೋರಿಸಿದ್ದು ಮೂವತ್ತು ಸಾವಿರ. ಗಾಮಾ ಬಿಟ್ಟು, ಪ್ರೋಟಾನಿನಷ್ಟೇ ತೂಕದ ಆವೇಶರಹಿತ ಕಣ ಎಂದುಕೊಂಡರೆ ಎಲ್ಲ ಸರಿಹೊಂದುತ್ತದೆ. ಆ ಕಣದ ರಾಶಿ ತೆಗೆಯಲು ಕಾಲೇಜಿನ ಹುಡುಗರು ಬಿಡಿಸುವ ಡಿಕ್ಕಿಯ ಸಮೀಕರಣವೇ ಸಾಕಾಯಿತು. ಪ್ರೋಟಾನ್ ಚಿಮ್ಮಿದ್ದು ಸೆಕೆಂಡಿಗೆ 3.3 × 10⁹ ಸೆಂಟಿಮೀಟರ್ ವೇಗದಲ್ಲಿ, ಸಾರಜನಕ 4.7 × 10⁸ರಲ್ಲಿ. ಅನುಪಾತ ಏಳು. ಹೊಸ ಕಣದ ರಾಶಿಗೆ 14 ಕೂಡಿಸಿದ್ದು, ಅದೇ ರಾಶಿಗೆ 1 ಕೂಡಿಸಿದ್ದರ ಏಳು ಪಟ್ಟು. ಬಿಡಿಸಿದರೆ ಪ್ರೋಟಾನಿನ 1.15ರಷ್ಟು ಬರುತ್ತದೆ, ಅಳತೆಯ ದೋಷದ ಮಿತಿಯಲ್ಲಿ ಒಂದು ಎಂದೇ ಹೇಳಬೇಕು. ಬೋರಾನ್ ಬಳಸಿ ಇನ್ನೂ ನಿಖರವಾದ ಅಂಕಿಯನ್ನು ಅವರೇ ಕೊಟ್ಟರು. ಫೆಬ್ರುವರಿ 17ರ ದಿನಾಂಕದ ಅವರ ಪುಟ್ಟ ಪತ್ರ ಅದೇ ತಿಂಗಳ ಕೊನೆಗೆ ನೇಚರ್ ಪತ್ರಿಕೆಯಲ್ಲಿ ಬಂತು, ನೊಬೆಲ್ 1935ರಲ್ಲಿ.

ಸಾರಜನಕದ ತಕರಾರು ತಾನಾಗಿ ತೀರಿತು. ಏಳು ಪ್ರೋಟಾನ್, ಏಳು ನ್ಯೂಟ್ರಾನ್, ಒಟ್ಟು ಹದಿನಾಲ್ಕು. ಐಸೋಟೋಪುಗಳೆಂದರೆ ಪ್ರೋಟಾನ್ ಅಷ್ಟೇ ಇದ್ದು ನ್ಯೂಟ್ರಾನ್ ಹೆಚ್ಚುಕಡಿಮೆಯಾದ ಬೀಜಗಳು ಎಂಬ ಸರಳ ವಿವರಣೆಯೂ ಸಿಕ್ಕಿತು. ನ್ಯೂಟ್ರಾನ್ ಎಂದರೆ ಪ್ರೋಟಾನ್ ಮತ್ತು ಎಲೆಕ್ಟ್ರಾನ್ ಅಂಟಿಕೊಂಡದ್ದು ಎನ್ನುವ ಹಳೆಯ ಗುಮಾನಿ ಮಾತ್ರ ಇನ್ನೂ ಸ್ವಲ್ಪ ಕಾಲ ಉಳಿಯಿತು. 1934ರಲ್ಲಿ ಚಾಡ್ವಿಕ್ ಮತ್ತು ಮಾರಿಸ್ ಗೋಲ್ಡ್‌ಹೇಬರ್ ಭಾರ ಜಲಜನಕದ ಬೀಜವನ್ನು ಗಾಮಾ ಕಿರಣದಿಂದ ಒಡೆದು ನ್ಯೂಟ್ರಾನಿನ ರಾಶಿಯನ್ನು ಹೊಸದಾಗಿ ಅಳೆದಾಗ, ಅದು ಪ್ರೋಟಾನ್ ಮತ್ತು ಎಲೆಕ್ಟ್ರಾನ್ ಎರಡನ್ನೂ ಕೂಡಿಸಿದ್ದಕ್ಕಿಂತ ಹೆಚ್ಚು ಎಂದು ಕಂಡಿತು. ಅಂಟಿಕೊಂಡ ಜೋಡಿ ಬಿಡಿಬಿಡಿ ಕಣಗಳಿಗಿಂತ ಹಗುರವಿರಬೇಕು, ಭಾರವಲ್ಲ.

ಬೀಟಾ ಕಿರಣದ ಎಲೆಕ್ಟ್ರಾನ್ ಹಾಗಾದರೆ ಎಲ್ಲಿಂದ ಬರುತ್ತದೆ? ಅದು ಮೊದಲೇ ಒಳಗಿರುವುದಿಲ್ಲ, ನ್ಯೂಟ್ರಾನ್ ಪ್ರೋಟಾನಾಗಿ ಬದಲಾಗುವ ಗಳಿಗೆಯಲ್ಲಿ ಹುಟ್ಟುತ್ತದೆ. ಅದರ ಜೊತೆಗೆ ಇನ್ನೊಂದು ಕಣವೂ ಹುಟ್ಟುತ್ತದೆ. ಬೀಟಾ ಎಲೆಕ್ಟ್ರಾನ್‌ಗಳ ಶಕ್ತಿ ಒಂದೇ ಆಗಿರದೆ ಹರಡಿಕೊಂಡಿರುವುದನ್ನು 1914ರಲ್ಲಿ ತೋರಿಸಿದವರೂ ಇದೇ ಚಾಡ್ವಿಕ್. ಕಾಣೆಯಾದ ಶಕ್ತಿಯನ್ನು ಕಣ್ಣಿಗೆ ಬೀಳದ ಕಣವೊಂದು ಒಯ್ಯುತ್ತಿದೆ ಎಂದು ಪೌಲಿ 1930ರಲ್ಲಿ ಪತ್ರ ಬರೆದು ಸೂಚಿಸಿದರು. 1934ರಲ್ಲಿ ಫರ್ಮಿ ಅದಕ್ಕೆ ಸಿದ್ಧಾಂತ ಕಟ್ಟಿದರು. ಕೋವನ್ ಮತ್ತು ರೈನ್ಸ್ 1956ರಲ್ಲಿ ಅಮೆರಿಕದ ಪರಮಾಣು ಸ್ಥಾವರವೊಂದರ ಪಕ್ಕದಲ್ಲಿ ಆ ನ್ಯೂಟ್ರಿನೋವನ್ನು ಕೊನೆಗೂ ಹಿಡಿದರು.

ನ್ಯೂಟ್ರಾನಿಗೆ ಆವೇಶವಿಲ್ಲದ ಕಾರಣ ಬೀಜ ಅದನ್ನು ದೂರ ತಳ್ಳುವುದಿಲ್ಲ, ನಿಧಾನವಾಗಿ ಬಂದರೂ ಒಳಹೊಗುತ್ತದೆ. ಪರಮಾಣು ವಿದ್ಯುತ್ತು ನಿಂತಿರುವುದು ಈ ಗುಣದ ಮೇಲೆ. ಉತ್ತರ ಕನ್ನಡದ ಕೈಗಾ ಸ್ಥಾವರದಲ್ಲಿ ಇಂಧನ ಸಹಜ ಯುರೇನಿಯಂ. ಅದರಲ್ಲಿ ಸುಲಭವಾಗಿ ಸೀಳುವ ಯುರೇನಿಯಂ-235 ಇರುವುದು ಶೇಕಡಾ 0.7 ಮಾತ್ರ. ಒಂದು ಬೀಜ ಸೀಳಿದರೆ ಸರಾಸರಿ ಎರಡೂವರೆಯಷ್ಟು ನ್ಯೂಟ್ರಾನ್ ಹೊರಬೀಳುತ್ತವೆ. ಅವನ್ನು ನುಂಗದೆ ವೇಗ ತಗ್ಗಿಸಲು ಭಾರಜಲ ಬೇಕು. ಆ ನ್ಯೂಟ್ರಾನ್‌ಗಳಲ್ಲಿ ಶೇಕಡಾ ಒಂದಕ್ಕಿಂತಲೂ ಕಡಿಮೆ ಪಾಲು ಕೆಲವು ಸೆಕೆಂಡು ತಡವಾಗಿ ಬರುತ್ತದೆ. ಈ ತಡವಿಲ್ಲದಿದ್ದರೆ ಸರಪಳಿ ಕ್ರಿಯೆಯನ್ನು ಹತೋಟಿಯಲ್ಲಿಡಲು ಯಾವ ಯಂತ್ರಕ್ಕೂ ಸಮಯ ಸಾಲುತ್ತಿರಲಿಲ್ಲ. ಕೈಗಾದ ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ನಡೆದು ಆಗಿನ ವಿಶ್ವದಾಖಲೆ ಮುರಿಯಿತು.

ಬೀಜವನ್ನು ಹಿಡಿದಿಟ್ಟ ಬಲ

ಧನ ಆವೇಶದ ಪ್ರೋಟಾನ್‌ಗಳು ಅಷ್ಟು ಇಕ್ಕಟ್ಟಿನಲ್ಲಿ ಸಿಡಿದುಹೋಗದೆ ಇರಲು ವಿದ್ಯುತ್ ಬಲಕ್ಕಿಂತ ಪ್ರಬಲವಾದ, ಆದರೆ ತೀರ ಹತ್ತಿರದಲ್ಲಷ್ಟೇ ನಾಟುವ ಬಲ ಬೇಕು. ಜಪಾನಿನ ಹಿದೆಕಿ ಯುಕಾವಾ 1935ರಲ್ಲಿ ಈ ಬಲವನ್ನು ಒಯ್ಯುವ ಕಣ ಎಲೆಕ್ಟ್ರಾನಿನ ಇನ್ನೂರು ಪಟ್ಟು ಭಾರವಿರಬೇಕೆಂದು ಅಂದಾಜಿಸಿದರು. ವಿಶ್ವಕಿರಣಗಳಲ್ಲಿ ಅದನ್ನು ಹುಡುಕುವ ಪೈಪೋಟಿ ನಡೆಯಿತು. ದಾರ್ಜಿಲಿಂಗ್ ಕಡೆಯ ಎತ್ತರದಲ್ಲಿ ಫೋಟೊ ಫಲಕಗಳನ್ನು ಇಟ್ಟು ದೇವೇಂದ್ರಮೋಹನ ಬೋಸ್ ಮತ್ತು ವಿಭಾ ಚೌಧುರಿ ಆ ಗಾತ್ರದ ಕಣಗಳ ಜಾಡು ಕಂಡರು, 1941ರಲ್ಲಿ ಪ್ರಕಟಿಸಿದರು. ಯುದ್ಧಕಾಲದಲ್ಲಿ ಉತ್ತಮ ದರ್ಜೆಯ ಫಲಕ ಸಿಗದೆ ಅವರ ಕೆಲಸ ಅಲ್ಲಿಗೇ ನಿಂತಿತು. ಒಳ್ಳೆಯ ಫಲಕಗಳೊಂದಿಗೆ ಬ್ರಿಸ್ಟಲಿನ ಸೆಸಿಲ್ ಪಾವೆಲ್ ತಂಡ 1947ರಲ್ಲಿ ಯುಕಾವಾರ ಆ ಕಣವನ್ನು, ಅಂದರೆ ಪಯಾನನ್ನು, ಗುರುತಿಸಿತು. ನೊಬೆಲ್ ಪಾವೆಲ್ ಪಾಲಾಯಿತು.

ಕಣಗಳು ಕೂಡಿ ಬೀಜವಾದಾಗ ರಾಶಿ ಸ್ವಲ್ಪ ಇಳಿಯುತ್ತದೆ. ಎರಡು ಪ್ರೋಟಾನ್, ಎರಡು ನ್ಯೂಟ್ರಾನ್ ಸೇರಿದ ಹೀಲಿಯಂ ಬೀಜ ಆ ನಾಲ್ಕರ ಮೊತ್ತಕ್ಕಿಂತ 28.3 ಎಂಇವಿ ಹಗುರ. ಸೂರ್ಯನ ಬೆಳಕಿನ ಮೂಲ ಈ ಇಳಿಕೆಯೇ. ಕಣವೊಂದಕ್ಕೆ ಲೆಕ್ಕ ಹಾಕಿದರೆ ಬಂಧನ ಕಬ್ಬಿಣ ಮತ್ತು ನಿಕ್ಕಲಿನ ಆಸುಪಾಸಿನಲ್ಲಿ ಅತ್ಯಂತ ಬಿಗಿ, ಸುಮಾರು 8.8 ಎಂಇವಿ. ಅದಕ್ಕೂ ಭಾರವಾದ ಬೀಜಗಳಲ್ಲಿ ಪ್ರೋಟಾನ್‌ಗಳ ವಿಕರ್ಷಣೆಯನ್ನು ತಗ್ಗಿಸಲು ಹೆಚ್ಚು ನ್ಯೂಟ್ರಾನ್ ಬೇಕಾಗುತ್ತದೆ. ಯುರೇನಿಯಂ-238ರಲ್ಲಿ 92 ಪ್ರೋಟಾನ್‌ಗೆ 146 ನ್ಯೂಟ್ರಾನ್. 2, 8, 20, 28, 50, 82, 126 ಎಂಬ ಎಣಿಕೆಗಳಲ್ಲಿ ಬೀಜ ವಿಶೇಷವಾಗಿ ಭದ್ರ. 50 ಪ್ರೋಟಾನ್ ಇರುವ ತವರಕ್ಕೆ ಹತ್ತು ಸ್ಥಿರ ಐಸೋಟೋಪುಗಳಿವೆ. ಈ ಸಂಖ್ಯೆಗಳ ಗುಟ್ಟನ್ನು 1949ರಲ್ಲಿ ಬಿಡಿಸಿದವರು ಮರಿಯಾ ಗೋಪರ್ಟ್ ಮೇಯರ್ ಮತ್ತು, ಅವರಿಂದ ಬೇರೆಯಾಗಿ, ಹಾನ್ಸ್ ಯೆನ್ಸೆನ್.

ಪ್ರೋಟಾನಿನ ಒಳಗೆ

ಪ್ರೋಟಾನ್ ಬಿಂದುವಲ್ಲ ಎಂಬ ಸುಳಿವು 1933ರಲ್ಲೇ ಸಿಕ್ಕಿತ್ತು. ಅದರ ಕಾಂತಗುಣವನ್ನು ಆಟೋ ಸ್ಟರ್ನ್ ಅಳೆದಾಗ ನಿರೀಕ್ಷೆಯ ಎರಡು ಮೂರು ಪಟ್ಟು ಬಂತು. ಆವೇಶವೇ ಇಲ್ಲದ ನ್ಯೂಟ್ರಾನಿಗೂ ಕಾಂತಗುಣ ಇದೆ. 1964ರಲ್ಲಿ ಮರ್ರಿ ಗೆಲ್-ಮನ್ ಮತ್ತು ಜಾರ್ಜ್ ಜ್ವೈಗ್ ಕ್ವಾರ್ಕ್ ಕಲ್ಪನೆ ಮುಂದಿಟ್ಟರು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡಿನ ಎರಡು ಮೈಲಿ ಉದ್ದದ ವೇಗವರ್ಧಕದಲ್ಲಿ 1968ರಿಂದ ಎಲೆಕ್ಟ್ರಾನ್‌ಗಳನ್ನು ಪ್ರೋಟಾನಿಗೆ ಬಡಿದಾಗ, ಅವು ಒಳಗೆ ಏನೋ ಗಟ್ಟಿಯಾದದ್ದಕ್ಕೆ ತಾಗಿ ದೊಡ್ಡ ಕೋನದಲ್ಲಿ ಚದುರಿದವು. ಮ್ಯಾಂಚೆಸ್ಟರಿನ ಪ್ರಯೋಗದ ಯುಕ್ತಿಯೇ ಇಲ್ಲೂ ಕೆಲಸ ಮಾಡಿತ್ತು. ಪ್ರೋಟಾನಿನಲ್ಲಿ ಎರಡು ಅಪ್, ಒಂದು ಡೌನ್ ಕ್ವಾರ್ಕ್. ನ್ಯೂಟ್ರಾನಿನಲ್ಲಿ ಒಂದು ಅಪ್, ಎರಡು ಡೌನ್. ಅಪ್‌ನ ಆವೇಶ ಮೂರನೇ ಎರಡು, ಡೌನ್‌ನದು ಋಣ ಮೂರನೇ ಒಂದು, ಕೂಡಿಸಿದರೆ ಒಂದು ಮತ್ತು ಸೊನ್ನೆ ಸಿಗುತ್ತವೆ. ಕ್ವಾರ್ಕ್‌ಗಳನ್ನು ಬಿಗಿದಿಡುವುದು ಗ್ಲೂಯಾನ್. ಬೀಜವನ್ನು ಹಿಡಿದಿಟ್ಟ ಬಲ ಇದರ ಹೊರಗೆ ಸೋರಿದ ಶೇಷ ಮಾತ್ರ.

ರಾಶಿಯ ಲೆಕ್ಕ ಇಲ್ಲಿ ಮತ್ತೆ ಕೈಕೊಡುತ್ತದೆ. ಮೂರು ಕ್ವಾರ್ಕ್‌ಗಳ ರಾಶಿ ಕೂಡಿಸಿದರೆ ಸುಮಾರು 9 ಎಂಇವಿ, ಪ್ರೋಟಾನಿನ 938ರಲ್ಲಿ ಶೇಕಡಾ ಒಂದು. ಉಳಿದದ್ದೆಲ್ಲ ಕ್ವಾರ್ಕ್‌ಗಳ ಚಲನೆಯ, ಗ್ಲೂಯಾನ್ ಕ್ಷೇತ್ರದ ಶಕ್ತಿ. ನಮ್ಮ ಮೈತೂಕದ ಬಹುಪಾಲು ಯಾವ ಕಣದ ಸ್ವಂತ ತೂಕವೂ ಅಲ್ಲ. ಸ್ಪಿನ್ನಿನಲ್ಲೂ ಇದೇ ಕಥೆ. ಕ್ವಾರ್ಕ್‌ಗಳ ಸ್ಪಿನ್ ಕೂಡಿದರೆ ಪ್ರೋಟಾನಿನ ಸ್ಪಿನ್ ಸಿಗಬೇಕೆಂದು ನಂಬಿದ್ದವರಿಗೆ ಸರ್ನ್‌ನ ಪ್ರಯೋಗವೊಂದು 1980ರ ದಶಕದ ಕೊನೆಯಲ್ಲಿ ಆಘಾತ ಕೊಟ್ಟಿತು. ಈಗಿನ ಅಂದಾಜಿನಲ್ಲಿ ಕ್ವಾರ್ಕ್‌ಗಳ ಪಾಲು ಮೂರನೇ ಒಂದರಷ್ಟು.

ಡೌನ್ ಕ್ವಾರ್ಕ್ ಅಪ್‌ಗಿಂತ ಕೊಂಚ ಭಾರ. ನ್ಯೂಟ್ರಾನ್ ಪ್ರೋಟಾನಿಗಿಂತ 1.29 ಎಂಇವಿ ಹೆಚ್ಚಿರುವುದಕ್ಕೆ ಮುಖ್ಯ ಕಾರಣ ಇದು. ವ್ಯತ್ಯಾಸ ತಿರುವುಮುರುವಾಗಿದ್ದರೆ ಒಂಟಿ ಪ್ರೋಟಾನ್ ಕರಗಿ ನ್ಯೂಟ್ರಾನಾಗುತ್ತಿತ್ತು, ಜಲಜನಕ ಉಳಿಯುತ್ತಿರಲಿಲ್ಲ, ನೀರೂ ಇರುತ್ತಿರಲಿಲ್ಲ.

ಆಯುಸ್ಸು

ಬೀಜದಿಂದ ಹೊರಬಿದ್ದ ನ್ಯೂಟ್ರಾನ್ ಸರಾಸರಿ ಹದಿನೈದು ನಿಮಿಷದೊಳಗೆ ಪ್ರೋಟಾನ್, ಎಲೆಕ್ಟ್ರಾನ್, ಪ್ರತಿನ್ಯೂಟ್ರಿನೋಗಳಾಗಿ ಒಡೆಯುತ್ತದೆ. ಸರಿಯಾಗಿ ಎಷ್ಟು ಸೆಕೆಂಡು ಎಂಬುದರಲ್ಲಿ ಜಗಳವಿದೆ. ನಿಧಾನದ ನ್ಯೂಟ್ರಾನ್‌ಗಳನ್ನು ಕೂಡಿಟ್ಟು ಉಳಿದವನ್ನು ಎಣಿಸಿದರೆ ಸುಮಾರು 878 ಸೆಕೆಂಡು, ಹರಿಯುವ ಕಿರಣದಲ್ಲಿ ಹುಟ್ಟಿದ ಪ್ರೋಟಾನ್‌ಗಳನ್ನು ಎಣಿಸಿದರೆ ಸುಮಾರು 888. ಹತ್ತು ಸೆಕೆಂಡಿನ ಈ ಅಂತರ ಅಳತೆಯ ದೋಷಕ್ಕಿಂತ ದೊಡ್ಡದು.

ಪ್ರೋಟಾನ್ ಎಂದಾದರೂ ಅಳಿಯುತ್ತದೆಯೇ ಎನ್ನುವ ಪ್ರಶ್ನೆಗೆ ಕೋಲಾರದ ಚಿನ್ನದ ಗಣಿಯ ನಂಟಿದೆ. ಮೈಲಿಗೂ ಹೆಚ್ಚು ಆಳದ ಬಂಡೆ ವಿಶ್ವಕಿರಣಗಳನ್ನು ತಡೆಯುವುದರಿಂದ ಅಪರೂಪದ ಘಟನೆಗಳನ್ನು ಕಾಯಲು ಅಂಥ ಜಾಗ ಬೇಕು. ಬಿ. ವಿ. ಶ್ರೀಕಂಠನ್ 1950ರ ದಶಕದಲ್ಲಿ ಅಲ್ಲಿ ಅಳತೆ ಆರಂಭಿಸಿದರು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಕುರುಹನ್ನು 1965ರಲ್ಲಿ ಮೊದಲು ಪ್ರಕಟಿಸಿದ್ದು ಅಲ್ಲಿನ ತಂಡ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಜೊತೆ ಜಪಾನಿನ ಒಸಾಕಾ ಸಿಟಿ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳವರು ಕೈಜೋಡಿಸಿದ್ದರು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ ರೈನ್ಸ್ ತಂಡಕ್ಕೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಫಲ ಸಿಕ್ಕಿತು. 1980ರ ದಶಕದಲ್ಲಿ 2.3 ಕಿಲೋಮೀಟರ್ ಆಳದಲ್ಲಿ 140 ಟನ್ ಕಬ್ಬಿಣದ ತಟ್ಟೆಗಳ ನಡುವೆ ಎಣಿಕೆ ನಳಿಕೆಗಳನ್ನಿಟ್ಟು ಪ್ರೋಟಾನ್ ಒಡೆಯುವುದನ್ನು ಕಾದರು, ಹಾಗೆ ಕಂಡ ಕೆಲವು ಘಟನೆಗಳನ್ನು ವರದಿ ಮಾಡಿದರು. ಅಮೆರಿಕ ಮತ್ತು ಜಪಾನಿನ ದೊಡ್ಡ ನೀರಿನ ತೊಟ್ಟಿಗಳಲ್ಲಿ ಅವಕ್ಕೆ ಸಮರ್ಥನೆ ಸಿಗಲಿಲ್ಲ. 50,000 ಟನ್ ನೀರಿನ ಸೂಪರ್-ಕಾಮಿಯೋಕಾಂಡೆ ಇಂದಿನವರೆಗೆ ಕಾದು ಹೇಳಿರುವುದು ಇಷ್ಟು: ಪಾಸಿಟ್ರಾನ್ (ಧನ ಆವೇಶದ ಎಲೆಕ್ಟ್ರಾನ್) ಮತ್ತು ಪಯಾನ್ ಆಗಿ ಒಡೆಯುವ ದಾರಿಯಲ್ಲಿ ಪ್ರೋಟಾನಿನ ಆಯುಸ್ಸು 10³⁴ ವರ್ಷಕ್ಕಿಂತ ಹೆಚ್ಚು. ಅದರ ಹಲವು ಪಟ್ಟು ನೀರು ಹಿಡಿಯುವ ಹೈಪರ್-ಕಾಮಿಯೋಕಾಂಡೆಯ ಕಾಮಗಾರಿ ಜಪಾನಿನಲ್ಲಿ ನಡೆಯುತ್ತಿದೆ.